ಜುಲೈ ಪಟ್ಟಿ: ಅರ್ಧ ಋತುವಿನಲ್ಲೇ ಬೇಸ್‌ಬಾಲ್ ಪ್ರಶಸ್ತಿಗೆ ಹೆಸರು ಆರಿಸುವುದು ಹೇಗೆ?

ಜುಲೈ ಬಂತೆಂದರೆ ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗಲಾಟೆ ಶುರು. ಒಂಬತ್ತು ಜನ ಇದ್ದೇವೆ. ನಾಲ್ವರು ಬೆಂಗಳೂರಿನವರು, ಉಳಿದವರು ನ್ಯೂಜೆರ್ಸಿಯಿಂದ ಫ್ರೀಮಾಂಟ್‌ವರೆಗೆ ಚದುರಿಕೊಂಡವರು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಅರ್ಧ ಮುಗಿದಾಗ, ಇವತ್ತೇ ಪ್ರಶಸ್ತಿ ಕೊಡುವುದಾದರೆ ಯಾರಿಗೆ ಎಂದು ಪ್ರತಿಯೊಬ್ಬರೂ ಪಟ್ಟಿ ಹಾಕಬೇಕು. ನವೆಂಬರಿನಲ್ಲಿ ನಿಜವಾದ ಪ್ರಶಸ್ತಿ ಘೋಷಣೆಯಾದ ಮೇಲೆ ಪಟ್ಟಿಗಳನ್ನು ತೆಗೆದು ಒಬ್ಬರನ್ನೊಬ್ಬರು ಹಂಗಿಸುತ್ತೇವೆ. ಇಷ್ಟು ವರ್ಷ ನೋಡಿದ್ದರಲ್ಲಿ ಆಟಗಾರರು ಬದಲಾಗಿದ್ದಾರೆ, ನಮ್ಮವರ ತಪ್ಪುಗಳು ಬದಲಾಗಿಲ್ಲ. ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ) ಜಾಸ್ತಿ ಹೊಡೆದವನ ಹೆಸರು ಒಂದು, ಗೆಲುವು ಜಾಸ್ತಿ ಇರುವ ಪಿಚರ್ (ಚೆಂಡು ಎಸೆಯುವವನು) ಹೆಸರು ಇನ್ನೊಂದು, ಅಷ್ಟಕ್ಕೆ ಪಟ್ಟಿ ಮುಗಿಯಿತು. ನ್ಯೂಜೆರ್ಸಿಯ ನನ್ನ ಭಾವಮೈದನಂತೂ ಅಂಕಿಅಂಶ ನೋಡುವುದೇ ಇಲ್ಲ, ಯಾಂಕೀಸ್ ತಂಡದ ಆರನ್ ಜಡ್ಜ್ ಹೆಸರು ಬರೆದು ಮಲಗುತ್ತಾನೆ. 2022, 2024, 2025ರಲ್ಲಿ ಜಡ್ಜ್ ಗೆದ್ದೂಬಿಟ್ಟ. ಅವನಿಗೆ ಬುದ್ಧಿ ಹೇಳುವ ಹಾಗಿಲ್ಲ. ಉಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. ಒಟ್ಟು 30 ತಂಡಗಳು, ಅಮೆರಿಕನ್ ಲೀಗಿನಲ್ಲಿ 15, ನ್ಯಾಷನಲ್ ಲೀಗಿನಲ್ಲಿ 15. ಒಂದೊಂದು ತಂಡಕ್ಕೂ 162 ಪಂದ್ಯ. ಎರಡೂ ಲೀಗಿಗೆ ಬೇರೆ ಬೇರೆಯಾಗಿ ನಾಲ್ಕು ದೊಡ್ಡ ಪ್ರಶಸ್ತಿಗಳಿವೆ: ಎಂವಿಪಿ (ನಮ್ಮ ಸರಣಿಶ್ರೇಷ್ಠ ಇದ್ದಂತೆ), ಪಿಚರ್‌ಗಳಿಗೆ ಸೈ ಯಂಗ್, ಹೊಸಬರಿಗೆ ರೂಕಿ ಆಫ್ ದಿ ಇಯರ್, ಮ್ಯಾನೇಜರ್‌ಗಳಿಗೆ (ನಮ್ಮ ಕೋಚ್ ಇದ್ದಂತೆ) ಒಂದು. ಮತ ಹಾಕುವವರು ಬೇಸ್‌ಬಾಲ್ ಬರಹಗಾರರ ಸಂಘದ ಪತ್ರಕರ್ತರು, ಲೀಗಿಗೆ 30 ಜನ.

ಬೇಕಾಗುವ ಸಾಮಗ್ರಿ: ಒಂದು ನೋಟ್‌ಬುಕ್, ಒಂದು ಕ್ಯಾಲ್ಕುಲೇಟರ್, ಬೇಸ್‌ಬಾಲ್ ರೆಫರೆನ್ಸ್ ಅಥವಾ ಫ್ಯಾನ್‌ಗ್ರಾಫ್ಸ್ ಜಾಲತಾಣ. ದುಡ್ಡು ಕೊಟ್ಟು ‘ಪ್ರಿಡಿಕ್ಷನ್’ ಆ್ಯಪ್ ಹಾಕಿಕೊಳ್ಳಬೇಡಿ. ನಾನು ಒಂದು ವರ್ಷ ಹಾಕಿಕೊಂಡಿದ್ದೆ. ಬೆಟ್ಟಿಂಗ್ ದರಗಳನ್ನೇ ಬಣ್ಣ ಹಚ್ಚಿ ತೋರಿಸುತ್ತಿತ್ತು, ಅಷ್ಟೇ.

ಹಂತ 1: ಪ್ರಶ್ನೆ ಯಾವುದೆಂದು ಮೊದಲು ಬರೆದುಕೊಳ್ಳಿ

‘ಇವತ್ತಿನವರೆಗೆ ಯಾರು ಚೆನ್ನಾಗಿ ಆಡಿದ್ದಾರೆ’ ಎಂಬುದು ಒಂದು ಪ್ರಶ್ನೆ. ‘ನವೆಂಬರಿನಲ್ಲಿ ಯಾರು ಗೆಲ್ಲುತ್ತಾರೆ’ ಎಂಬುದು ಬೇರೆಯದೇ ಪ್ರಶ್ನೆ. ಅರ್ಧ ಪಟ್ಟಿ ಇದಕ್ಕೆ, ಅರ್ಧ ಪಟ್ಟಿ ಅದಕ್ಕೆ ಉತ್ತರವಾಗಿ ಬರೆಯುವವರೇ ಹೆಚ್ಚು. ನನ್ನ ಮಟ್ಟಿಗೆ ಜುಲೈ ಪಟ್ಟಿ ಅಂದರೆ ಮೊದಲನೆಯದು ಮಾತ್ರ. ಭವಿಷ್ಯ ಹೇಳುವುದಕ್ಕೆ ಪಂಚಾಂಗದವರಿದ್ದಾರೆ.

2013ರಲ್ಲಿ ಬಾಲ್ಟಿಮೋರ್‌ನ ಕ್ರಿಸ್ ಡೇವಿಸ್ ಆಲ್‌ಸ್ಟಾರ್ ವಿರಾಮಕ್ಕೆ (ಎರಡೂ ಲೀಗಿನ ತಾರೆಯರ ಪಂದ್ಯಕ್ಕಾಗಿ ಕೊಡುವ ಬಿಡುವು) ಮೊದಲೇ 37 ಹೋಮ್ ರನ್ ಹೊಡೆದಿದ್ದ. ಆ ಲೆಕ್ಕದಲ್ಲಿ ಋತು ಮುಗಿಯುವಷ್ಟರಲ್ಲಿ 60 ದಾಟಬೇಕಿತ್ತು, 53ಕ್ಕೆ ನಿಂತ. ಎಂವಿಪಿ ಹೋದದ್ದು ಡೆಟ್ರಾಯಿಟ್‌ನ ಮಿಗೆಲ್ ಕಾಬ್ರೆರಾಗೆ. ಹಾಗೆಂದು ಆ ಜುಲೈನಲ್ಲಿ ಡೇವಿಸ್ ಹೆಸರು ಬರೆದವರು ತಪ್ಪು ಮಾಡಿದರು ಎನ್ನಲಾಗದು. ‘62 ಹೊಡೆಯುತ್ತಾನೆ, ಅದಕ್ಕೇ ಕೊಡುತ್ತೇನೆ’ ಎಂದು ಬರೆದವರು ಮಾಡಿದ್ದು ತಪ್ಪು. ಇನ್ನೂ ಹೊಡೆಯದ ಹೋಮ್ ರನ್ನಿಗೆ ಪ್ರಶಸ್ತಿ ಕೊಡಲು ಬರುವುದಿಲ್ಲ.

ಹಂತ 2: ದಿನಾಂಕ ಕಟ್ಟಿಹಾಕಿ

ಆಲ್‌ಸ್ಟಾರ್ ಪಂದ್ಯ ಜುಲೈ ನಡುವಿಗೆ ಬರುತ್ತದೆ. ಅಷ್ಟರಲ್ಲಿ ತಂಡಗಳು ತೊಂಬತ್ತಕ್ಕೂ ಹೆಚ್ಚು ಪಂದ್ಯ ಆಡಿರುತ್ತವೆ, ಅಂದರೆ ಅರ್ಧ ದಾಟಿರುತ್ತದೆ. ಪರವಾಗಿಲ್ಲ, ವಿರಾಮದ ಮೂರು ನಾಲ್ಕು ದಿನ ಅಂಕಿಗಳು ಅಲ್ಲಾಡುವುದಿಲ್ಲವಾದ್ದರಿಂದ ಅದೇ ಅನುಕೂಲ.

ಹಂತ 3: ಬ್ಯಾಟರ್‌ಗಳು

ಮೊದಲು ಜರಡಿ ಹಿಡಿಯಿರಿ. ತಂಡ ಆಡಿದ ಪಂದ್ಯಗಳ ಸಂಖ್ಯೆಯನ್ನು 3.1ರಿಂದ ಗುಣಿಸಿದಷ್ಟು ಸಲವಾದರೂ ಆತ ಬ್ಯಾಟಿಂಗಿಗೆ ನಿಂತಿರಬೇಕು. 90 ಪಂದ್ಯಕ್ಕೆ 279. ಅದಕ್ಕಿಂತ ಕಡಿಮೆ ಇದ್ದವರನ್ನು ಪಕ್ಕಕ್ಕಿಡಿ.

ಬ್ಯಾಟಿಂಗ್ ಸರಾಸರಿಯೊಂದನ್ನೇ (ಹತ್ತು ಸಲಕ್ಕೆ ನಾಲ್ಕು ಹಿಟ್ ಆದರೆ .400) ನೋಡಿ ಮರುಳಾಗಬೇಡಿ. 2023ರ ಜೂನ್‌ನಲ್ಲಿ ಮಯಾಮಿಯ ಲೂಯಿಸ್ ಅರೇಸ್ .400ರ ಗಡಿ ಮುಟ್ಟುತ್ತಿದ್ದಾಗ ನಮ್ಮ ಗುಂಪಿನಲ್ಲಿ ಐವರು ಎಂವಿಪಿಗೆ ಅವನ ಹೆಸರು ಬರೆದರು. ಆತ .354ರೊಂದಿಗೆ ಋತು ಮುಗಿಸಿದ. 41 ಹೋಮ್ ರನ್, 73 ಬೇಸ್ ಕಳವು (ಬ್ಯಾಟರ್ ಹೊಡೆಯುವುದನ್ನು ಕಾಯದೆ ಮುಂದಿನ ಬೇಸಿಗೆ ಓಡಿಬಿಡುವುದು) ಮಾಡಿದ ಅಟ್ಲಾಂಟಾದ ರೊನಾಲ್ಡ್ ಅಕುನ್ಯಾ ಸರ್ವಾನುಮತದಿಂದ ಗೆದ್ದ. ಸರಾಸರಿಯ ಲೆಕ್ಕದಲ್ಲಿ ಮೊದಲ ಬೇಸಿಗಷ್ಟೇ ತಲುಪಿಸುವ ಒಂದು ಸಿಂಗಲ್ಲೂ ಒಂದು ಹೋಮ್ ರನ್ನೂ ಸಮ, ವಾಕ್‌ಗಳು (ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಸಿಗುವ ಮೊದಲ ಬೇಸ್) ಲೆಕ್ಕಕ್ಕೇ ಇಲ್ಲ. ಅದರ ಬದಲು, ಬೇಸ್ ತಲುಪುವುದನ್ನೂ ಹೊಡೆತದ ಬಲವನ್ನೂ ಕೂಡಿಸುವ ಓಪಿಎಸ್ ಪ್ಲಸ್ ಎಂಬ ಅಂಕಿ ನೋಡಿ. 100 ಎಂದರೆ ಲೀಗಿನ ಸಾಧಾರಣ ಆಟಗಾರ, 150 ಎಂದರೆ ಭರ್ಜರಿ. ಮೈದಾನದ ಗುಣವನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಡೆನ್ವರ್ ನಗರ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಚೆಂಡು ದೂರ ಹಾರುತ್ತದೆ. ಅಲ್ಲಿ ಹೊಡೆದದ್ದಕ್ಕೆ ಸ್ವಲ್ಪ ಕತ್ತರಿ ಬೀಳಲೇಬೇಕು.

ಆಮೇಲೆ ಆತ ನಿಲ್ಲುವ ಜಾಗ. ದಿನವೂ ಕುಕ್ಕರಗಾಲಿನಲ್ಲಿ ಕುಳಿತು ಚೆಂಡು ಹಿಡಿಯುವ ಕ್ಯಾಚರ್ ಬ್ಯಾಟಿಂಗಿನಲ್ಲೂ ಮಿಂಚಿದರೆ ಅವನ ತೂಕ ಹೆಚ್ಚು. 2025ರಲ್ಲಿ ಸಿಯಾಟಲ್‌ನ ಕ್ಯಾಚರ್ ಕ್ಯಾಲ್ ರಾಲಿ ವಿರಾಮಕ್ಕೆ ಮೊದಲು 38, ಒಟ್ಟು 60 ಹೋಮ್ ರನ್ ಹೊಡೆದ. ಆದರೂ ಮೊದಲ ಸ್ಥಾನದ ಮತಗಳಲ್ಲಿ ಜಡ್ಜ್ 17, ರಾಲಿ 13. ನಾನಾದರೆ ರಾಲಿಗೇ ಕೊಡುತ್ತಿದ್ದೆ. ಭಾವಮೈದನಿಗೆ ಇದನ್ನು ಹೇಳಬೇಡಿ.

ವಾರ್ ಎಂಬ ಒಟ್ಟು ಅಂಕಿಯನ್ನೂ (ಮಾಮೂಲಿ ಬದಲಿ ಆಟಗಾರನಿಗಿಂತ ಎಷ್ಟು ಹೆಚ್ಚು ಗೆಲುವು ತಂದ ಎಂಬ ಅಂದಾಜು) ನೋಡಬಹುದು. ಆದರೆ ಎರಡು ಜಾಲತಾಣಗಳು ಅದನ್ನು ಎರಡು ರೀತಿ ಲೆಕ್ಕ ಹಾಕುತ್ತವೆ. ಅರ್ಧ ಅಂಕದ ಅಂತರವಿದ್ದರೆ ಸಮ ಎಂದೇ ತಿಳಿಯಿರಿ. 4.3ರವನು 4.1ರವನಿಗಿಂತ ಮೇಲು ಎಂದು ಜಗಳವಾಡುವವರನ್ನು ನಮ್ಮ ಗುಂಪಿನಲ್ಲಿ ಮ್ಯೂಟ್ ಮಾಡುತ್ತೇವೆ.

ಹಂತ 4: ಪಿಚರ್‌ಗಳು (ಎಲ್ಲರೂ ಜಾರುವುದು ಇಲ್ಲೇ)

ನಿಧಾನವಾಗಿ ಓದಿ. ಮೊದಲ ಕೆಲಸ, ಗೆಲುವು-ಸೋಲಿನ ಅಂಕಣವನ್ನು ಕೈಯಿಂದ ಮುಚ್ಚಿಕೊಳ್ಳಿ. ಪಿಚರ್ ಎಷ್ಟು ಚೆನ್ನಾಗಿ ಎಸೆದರೂ ಅವನ ತಂಡದವರು ರನ್ ಗಳಿಸದಿದ್ದರೆ ಅವನ ಹೆಸರಿಗೆ ಗೆಲುವು ಬರುವುದಿಲ್ಲ. 2018ರಲ್ಲಿ ಮೆಟ್ಸ್ ತಂಡದ ಜೇಕಬ್ ಡಿಗ್ರಾಮ್‌ಗೆ ಸಿಕ್ಕಿದ್ದು 10 ಗೆಲುವು, 9 ಸೋಲು. ಸೈ ಯಂಗ್ ಅವನಿಗೇ. 2025ರಲ್ಲಿ ಪಿಟ್ಸ್‌ಬರ್ಗ್‌ನ ಪಾಲ್ ಸ್ಕೀನ್ಸ್‌ದು 10-10. 30ಕ್ಕೆ 30 ಮತವೂ ಅವನಿಗೇ. ಉಲ್ಟಾ ಉದಾಹರಣೆ ಬೇಕೆ? 2010ರ ವಿರಾಮದ ಹೊತ್ತಿಗೆ ಕೊಲೊರಾಡೊದ ಉಬಾಲ್ಡೊ ಹಿಮೆನೆಸ್ 15-1. ಋತು ಮುಗಿದಾಗ 19-8. ಸೈ ಯಂಗ್ ಗೆದ್ದದ್ದು ರಾಯ್ ಹ್ಯಾಲಡೆ, ಅದೂ ಸರ್ವಾನುಮತದಿಂದ.

ಎರಡನೆಯದು ಇನಿಂಗ್ಸ್ ಲೆಕ್ಕ. ಪಿಚರ್ ಹೆಸರಿನ ಮುಂದೆ 98.2 ಎಂದಿದ್ದರೆ ಅದು ದಶಮಾಂಶವಲ್ಲ, 98 ಇನಿಂಗ್ಸ್ ಮತ್ತು ಎರಡು ಔಟ್. ನಮ್ಮ ಕ್ರಿಕೆಟ್ಟಿನ 19.4 ಓವರ್ ಇದ್ದ ಹಾಗೆಯೇ. ಓವರಿಗೆ ಆರು ಚೆಂಡು, ಇಲ್ಲಿ ಇನಿಂಗ್ಸಿಗೆ ಮೂರು ಔಟ್. ಕ್ರಿಕೆಟ್ ನೋಡಿ ಬೆಳೆದ ನಾವೇ ಇಲ್ಲಿ ಎಡವುತ್ತೇವೆ ಎಂಬುದು ನನಗೆ ಇವತ್ತಿಗೂ ಆಶ್ಚರ್ಯ. ಮೂರು ತಿಂಗಳ ಲೆಕ್ಕ 31.2, 33.2, 33.2 ಎಂದಿಟ್ಟುಕೊಳ್ಳಿ. ಕ್ಯಾಲ್ಕುಲೇಟರ್ 97.6 ಎನ್ನುತ್ತದೆ. ಸರಿಯಾದ ಉತ್ತರ 99. ಎಕ್ಸೆಲ್ ಕೂಡ ಇದೇ ತಪ್ಪು ಮಾಡುತ್ತದೆ. ಹಾಗಾಗಿ .1 ಇದ್ದಲ್ಲಿ .33, .2 ಇದ್ದಲ್ಲಿ .67 ಎಂದು ತಿದ್ದಿಯೇ ಮುಂದೆ ಹೋಗಿ.

ಮೂರನೆಯದು ಇಆರ್‌ಎ. ಫೀಲ್ಡರ್‌ಗಳ ಎಡವಟ್ಟಿನಿಂದ ಬಂದ ರನ್ ಬಿಟ್ಟು, ಪಿಚರ್ ತಾನೇ ಬಿಟ್ಟುಕೊಟ್ಟ ರನ್ನನ್ನು 9ರಿಂದ ಗುಣಿಸಿ ಇನಿಂಗ್ಸ್‌ನಿಂದ ಭಾಗಿಸಿ. ಕಡಿಮೆ ಇದ್ದಷ್ಟೂ ಒಳ್ಳೆಯದು. ಡಿಗ್ರಾಮ್‌ನದು ಆ ವರ್ಷ 1.70, ಸ್ಕೀನ್ಸ್‌ನದು 1.97. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. ಹಿಂದೆ ನಿಂತ ಫೀಲ್ಡರ್‌ಗಳು ಚುರುಕಾಗಿದ್ದರೆ ಇಆರ್‌ಎ ಇಳಿಯುತ್ತದೆ. ಹೊಡೆದ ಚೆಂಡುಗಳು ನೇರವಾಗಿ ಯಾರದೋ ಕೈಗೆ ಹೋದರೂ ಇಳಿಯುತ್ತದೆ. ಅರ್ಧ ಋತುವಿನಲ್ಲಿ ಈ ಅದೃಷ್ಟ ಕಳಚಿ ಬೀಳುವಷ್ಟು ಪಂದ್ಯಗಳೇ ಆಗಿರುವುದಿಲ್ಲ.

ಅದಕ್ಕೇ ನಾಲ್ಕನೆಯದು, ಫಿಪ್. ಫೀಲ್ಡರ್‌ಗಳ ಕೈ ಸೋಕದ ಸಂಗತಿಗಳನ್ನು ಮಾತ್ರ ಇದು ಎಣಿಸುತ್ತದೆ. ಹೋಮ್ ರನ್‌ಗಳನ್ನು 13ರಿಂದ ಗುಣಿಸಿ. ವಾಕ್ ಮತ್ತು ಬ್ಯಾಟರ್ ಮೈಗೆ ತಗುಲಿದ ಚೆಂಡುಗಳನ್ನು ಕೂಡಿ 3ರಿಂದ ಗುಣಿಸಿ. ಎರಡನ್ನೂ ಸೇರಿಸಿ, ಅದರಿಂದ ಸ್ಟ್ರೈಕ್‌ಔಟ್‌ಗಳ (ಮೂರು ಸ್ಟ್ರೈಕಿಗೆ ಬ್ಯಾಟರ್ ಔಟಾದದ್ದು) ಎರಡರಷ್ಟನ್ನು ಕಳೆಯಿರಿ. ಇನಿಂಗ್ಸ್‌ನಿಂದ ಭಾಗಿಸಿ, ಕೊನೆಗೆ 3.10 ಸೇರಿಸಿ (ಈ ಕೊನೆಯ ಸಂಖ್ಯೆ ವರ್ಷದಿಂದ ವರ್ಷಕ್ಕೆ ತುಸು ಬದಲಾಗುತ್ತದೆ).

ಲೆಕ್ಕ ಮಾಡಿ ತೋರಿಸುತ್ತೇನೆ, ಹೆಸರು ಬೇಡ. ‘ಅ’ ಎಂಬ ಪಿಚರ್ 100 ಇನಿಂಗ್ಸಿನಲ್ಲಿ 28 ರನ್ ಬಿಟ್ಟುಕೊಟ್ಟಿದ್ದಾನೆ, ಇಆರ್‌ಎ 2.52. ಅವನ 8 ಹೋಮ್ ರನ್, 30 ವಾಕ್, ಮೈಗೆ ತಗುಲಿದ 4, 90 ಸ್ಟ್ರೈಕ್‌ಔಟ್ ಹಾಕಿದರೆ ಫಿಪ್ 3.36. ‘ಆ’ ಎಂಬವನು 105 ಇನಿಂಗ್ಸಿನಲ್ಲಿ 36 ರನ್, ಇಆರ್‌ಎ 3.09. ಆದರೆ 7 ಹೋಮ್ ರನ್, 18 ವಾಕ್, ಮೈಗೆ ತಗುಲಿದ 3, 135 ಸ್ಟ್ರೈಕ್‌ಔಟ್. ಫಿಪ್ ಸುಮಾರು 2.00! ಎಲ್ಲರ ಪಟ್ಟಿಯಲ್ಲೂ ‘ಅ’ ಇರುತ್ತಾನೆ. ನಾನು ಇಆರ್‌ಎ, ಫಿಪ್ ಎರಡನ್ನೂ ಕೂಡಿ ಅರ್ಧ ಮಾಡುತ್ತೇನೆ. ‘ಅ’ 2.94, ‘ಆ’ 2.54ರ ಆಸುಪಾಸು. ನನ್ನ ಮತ ‘ಆ’ಗೆ. ಅಂಕಿಅಂಶ ಪಂಡಿತರು ಈ ಕೂಡಿಸುವಿಕೆಗೆ ಮೂಗು ಮುರಿಯುತ್ತಾರೆ. ಆದರೆ ಬಿಟ್ಟುಕೊಟ್ಟ ರನ್ ಬಿಟ್ಟುಕೊಟ್ಟಿದ್ದೇ ತಾನೆ, ಅದನ್ನು ಪೂರಾ ಅಳಿಸುವುದೂ ನ್ಯಾಯವಲ್ಲ.

ತಂಡ ಆಡಿದ ಪಂದ್ಯಕ್ಕೆ ಒಂದರಂತೆ ಇನಿಂಗ್ಸ್ ಆಗದವರನ್ನು ಸೈ ಯಂಗ್ ಪಟ್ಟಿಯಿಂದ ಬಿಡಿ. ಒಂಬತ್ತನೇ ಇನಿಂಗ್ಸಿಗೆ ಮಾತ್ರ ಬಂದು ಹೋಗುವ ರಿಲೀವರ್‌ಗಳೂ ಇದರಲ್ಲಿ ಹೋದರು. ನನಗೇನೂ ಬೇಸರವಿಲ್ಲ.

ಹಂತ 5: ಹೊಸಬರು

ಅರ್ಹತೆ ನೋಡಿಕೊಳ್ಳಿ. ಹಿಂದಿನ ಋತುಗಳಲ್ಲೇ 130 ಅಟ್-ಬ್ಯಾಟ್ (ವಾಕ್ ಮುಂತಾದವು ಬಿಟ್ಟು ಬ್ಯಾಟಿಂಗಿಗೆ ನಿಂತ ಸಲ) ಅಥವಾ 50 ಇನಿಂಗ್ಸ್ ಮೀರಿದವನು ರೂಕಿಯಲ್ಲ. ಚಾಟ್‌ಬಾಟ್ ಕೇಳಿ ಪಟ್ಟಿ ಮಾಡಿದ ನಮ್ಮ ಗೆಳೆಯನೊಬ್ಬ ಎರಡು ವರ್ಷ ಹಳೆಯ ಆಟಗಾರನ ಹೆಸರು ಬರೆದು ನಗೆಪಾಟಲಾದ.

ತಡವಾಗಿ ಬಂದವರನ್ನು ಏನು ಮಾಡುವುದು? 2024ರ ಮೇ 11ಕ್ಕೆ ಕಣಕ್ಕಿಳಿದ ಇದೇ ಸ್ಕೀನ್ಸ್ 11 ಪಂದ್ಯ ಆಡಿ ಆಲ್‌ಸ್ಟಾರ್ ಪಂದ್ಯಕ್ಕೇ ಆರಂಭಿಕ ಪಿಚರ್ ಆದ, ರೂಕಿ ಪ್ರಶಸ್ತಿಯನ್ನೂ ಪಡೆದ. 2025ರ ಜುಲೈನಲ್ಲಿ ಅಥ್ಲೆಟಿಕ್ಸ್ ತಂಡದ ಜೇಕಬ್ ವಿಲ್ಸನ್ ಆಲ್‌ಸ್ಟಾರ್ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರ್). ನಮ್ಮ ಗುಂಪಿನ ಪಟ್ಟಿಗಳಲ್ಲೆಲ್ಲ ಅವನೇ. ಏಪ್ರಿಲ್ ಕೊನೆಯ ಹೊತ್ತಿಗೆ ಬಂದ ಅವನದೇ ತಂಡದ ನಿಕ್ ಕರ್ಟ್ಸ್ ಜುಲೈ 25ರಂದು ಒಂದೇ ಪಂದ್ಯದಲ್ಲಿ ನಾಲ್ಕು ಹೋಮ್ ರನ್ ಹೊಡೆದು, ಕೊನೆಗೆ ಸರ್ವಾನುಮತದಿಂದ ಗೆದ್ದ. ನಾನೂ ವಿಲ್ಸನ್ ಎಂದೇ ಬರೆದಿದ್ದೆ. ಇವತ್ತು ಕೇಳಿದರೂ ಆ ಜುಲೈಗೆ ಅದು ಸರಿಯೇ ಎನ್ನುತ್ತೇನೆ.

ಹಂತ 6: ಮ್ಯಾನೇಜರ್

ಋತು ಶುರುವಾಗುವಾಗ ಯಾರೂ ಲೆಕ್ಕಕ್ಕಿಡದಿದ್ದ ತಂಡ ಮೇಲಿದ್ದರೆ ಅದರ ಮ್ಯಾನೇಜರ್ ಹೆಸರು ಬರೆದು ಮುಂದೆ ಹೋಗಿ. ಹೆಚ್ಚು ತಲೆ ಕೆಡಿಸಿಕೊಂಡರೂ ಲಾಭವಿಲ್ಲ. 2025ರ ಜುಲೈನಲ್ಲಿ ಕ್ಲೀವ್‌ಲ್ಯಾಂಡ್ ತಂಡ ಗೆಲುವು-ಸೋಲಿನ ಲೆಕ್ಕದಲ್ಲಿ ಡೆಟ್ರಾಯಿಟ್‌ಗಿಂತ 15½ ಪಂದ್ಯ ಹಿಂದಿತ್ತು. ಸೆಪ್ಟೆಂಬರಿನಲ್ಲಿ ಹಿಂದಿಕ್ಕಿತು, ಪ್ರಶಸ್ತಿ ಕ್ಲೀವ್‌ಲ್ಯಾಂಡ್‌ನ ಸ್ಟೀಫನ್ ವೋಟ್‌ಗೆ ಹೋಯಿತು.

ಹಂತ 7: ಬರೆಯುವುದು

ಎಂವಿಪಿಗೆ ಒಂದೇ ಹೆಸರು ಬರೆದು ಕೈ ತೊಳೆದುಕೊಳ್ಳಬೇಡಿ. ನಿಜವಾದ ಮತಪತ್ರದಲ್ಲಿ ಹತ್ತು ಸ್ಥಾನಗಳಿವೆ. ಮೊದಲಿಗೆ 14 ಅಂಕ, ಎರಡನೆಯದಕ್ಕೆ 9, ಆಮೇಲೆ 8, 7 ಎಂದು ಇಳಿಯುತ್ತ ಹತ್ತನೆಯದಕ್ಕೆ 1. ಹತ್ತೂ ಬರೆದರೆ ನಿಮಗೇ ಗೊತ್ತಾಗುತ್ತದೆ, ಆರನೆಯವನಿಂದಾಚೆಗೆ ನೀವು ಆಟವನ್ನೇ ನೋಡಿಲ್ಲವೆಂದು. ಪ್ರತಿ ಹೆಸರಿನ ಮುಂದೆ ಒಂದೇ ಸಾಲಿನ ಕಾರಣ ಬರೆಯಿರಿ, ಕೆಳಗೆ ದಿನಾಂಕ ಹಾಕಿ, ಫೋಟೊ ತೆಗೆದು ಗುಂಪಿಗೆ ಕಳಿಸಿ. ವಿರಾಮ ಮುಗಿದು ಮೊದಲ ಪಂದ್ಯ ಶುರುವಾದ ಮೇಲೆ ಬಂದ ಪಟ್ಟಿ ನಮ್ಮಲ್ಲಿ ನಡೆಯುವುದಿಲ್ಲ. ಅಲ್ಲಿನ ಸಂಜೆ ಏಳು ಗಂಟೆಯ ಪಂದ್ಯ ಬೆಂಗಳೂರಿಗೆ ಬೆಳಗಿನ ಜಾವ, ‘ನಿದ್ದೆ ಹೋಗಿದ್ದೆ’ ಎಂಬ ನೆಪವನ್ನೂ ಎರಡು ವರ್ಷದ ಹಿಂದೆಯೇ ರದ್ದು ಮಾಡಿದ್ದೇವೆ.