ಅಜ್ಜನ ಜನತಾ ವಾಚು ಮತ್ತೆ ಓಡಿದ್ದು

ಅಜ್ಜನ ವಾಚು ಯಾವ ಕಂಪನಿಯದು ಅನ್ನುವುದರಲ್ಲೇ ನಮ್ಮ ಮನೆಯಲ್ಲಿ ಎರಡು ಮಾತಿತ್ತು. ತೀರ್ಥಹಳ್ಳಿ ಕಡೆಯ ಹಳೇ ಮನೆಯ ಅಟ್ಟದಲ್ಲಿ, ಮರದ ಪೆಟ್ಟಿಗೆಯೊಳಗೆ ಅದು ಎಷ್ಟೋ ಮಳೆಗಾಲ ಕಳೆದಿತ್ತು. ಗ್ಲಾಸಿನ ತುಂಬಾ ಗೀರು, ಡಯಲ್ ಓದಲಿಕ್ಕೇ ಆಗುತ್ತಿರಲಿಲ್ಲ. "ಅದು ಜಪಾನಿಂದು ಕಣೋ, ಸಿಟಿಜನ್" ಅಂತ ದೊಡ್ಡಪ್ಪ. ಅಪ್ಪನಿಗೆ ಎಚ್‌ಎಂಟಿ ಅಂತ ನೆನಪು.

ಇಂಥ ವಾಚಿನ ಗ್ಲಾಸು ನಿಜಕ್ಕೂ ಅಕ್ರಿಲಿಕ್ ಪ್ಲಾಸ್ಟಿಕ್. ಹತ್ತಿ ಬಟ್ಟೆಗೆ ಚೂರು ಬಿಳಿ ಟೂತ್‌ಪೇಸ್ಟ್ ಹಚ್ಚಿ ಉಜ್ಜುತ್ತಾ ಹೋದೆ. ಗೀರು ಸವೆದ ಹಾಗೆ ಅಕ್ಷರ ಕಂಡವು: ಎಚ್‌ಎಂಟಿ, ಜನತಾ, 17 ಜ್ಯುವೆಲ್ಸ್, ಪ್ಯಾರಾಶಾಕ್. ದೊಡ್ಡಪ್ಪ ಹೇಳಿದ್ದೂ ಪೂರ್ತಿ ಸುಳ್ಳಲ್ಲ. 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದ್ದೇ ಸಿಟಿಜನ್ ಕಂಪನಿಯ ಸಹಾಯದಿಂದ. ವಾಚು ಕೆಳಗೆ ಬಿದ್ದರೆ, ಅತ್ತಿತ್ತ ತೂಗಿ ವೇಗ ಹಿಡಿದಿಡುವ ಬ್ಯಾಲೆನ್ಸ್ ಚಕ್ರದ ತುದಿ ಮುರಿಯದಂತೆ ಕಾಯುವ ಪ್ಯಾರಾಶಾಕ್ ಕೂಡ ಸಿಟಿಜನ್‌ನದೇ. ಇನ್ನು ಆ 17 ಜ್ಯುವೆಲ್‌ಗಳು, ಚಕ್ರಗಳ ತುದಿ ಸವೆಯದಂತೆ ಕೂರಿಸಿದ ಕೃತಕ ಮಾಣಿಕ್ಯದ ಹರಳುಗಳು. ಮಾರಿದರೆ ಏನೂ ಹುಟ್ಟುವುದಿಲ್ಲ!

ಡಯಲ್ ಮೇಲೆ ಹೆಸರಿದ್ದ ಮಾತ್ರಕ್ಕೆ ನಂಬುವ ಹಾಗಿಲ್ಲ. ಹಳೇ ಮಷೀನಿಗೆ ಹೊಸ ಬಣ್ಣದ ಡಯಲ್ ಕೂರಿಸಿದ ಎಚ್‌ಎಂಟಿಗಳು ಮಾರುಕಟ್ಟೆಯಲ್ಲಿ ರಾಶಿ ಇವೆ. ಅವುಗಳಲ್ಲಿ ಅಕ್ಷರ ದಪ್ಪಗೆ ಹರಡಿರುತ್ತದೆ, ಗೆರೆಗಳು ಮುಳ್ಳಿಗೆ ಸರಿಯಾಗಿ ಕೂಡುವುದಿಲ್ಲ. ನಮ್ಮದರ ಹಿಂದಿನ ಮುಚ್ಚಳ ತೆಗೆದೆ. ಮಷೀನಿನ ಮೇಲೆ 0231 ಅಂತ ಒತ್ತಿದ್ದರು. ಕೀ ಕೊಡುವ ಜನತಾಗಳಲ್ಲಿ ಇರುವ ಮಷೀನೇ ಇದು. ಮುಚ್ಚಳದ ಒಳಗೆ ಸೂಜಿಯಿಂದ ಗೀಚಿದ ಸಣ್ಣ ಗುರುತುಗಳಿದ್ದವು. ಸರ್ವಿಸ್ ಮಾಡಿದವರು ಹೀಗೆ ಬರೆದಿಡುವುದು ರೂಢಿ. ಒಂದರಲ್ಲಿ 79 ಅಂತ ಓದಬಹುದು. ಅಂದರೆ ಅದಕ್ಕೂ ಮೊದಲಿನ ವಾಚು.

ಕೀ ಕೊಟ್ಟರೆ ಮುಳ್ಳು ಸ್ವಲ್ಪ ಅಲ್ಲಾಡಿ ನಿಲ್ಲುತ್ತಿತ್ತು. "ಕೀ ಜಾಸ್ತಿ ಕೊಟ್ಟು ಕೆಡಿಸಿದ್ದಾರೆ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಾಮಾನ್ಯವಾಗಿ ಆಗಿರುವುದು ಇಷ್ಟೇ: ಎಣ್ಣೆ ಒಣಗಿ ಅಂಟಾಗಿರುತ್ತದೆ, ಸ್ಪ್ರಿಂಗಿನ ಬಲ ಚಕ್ರಗಳಿಗೆ ತಲುಪುವುದಿಲ್ಲ. ಮಲೆನಾಡಿನಲ್ಲಿ ಜೊತೆಗೆ ತುಕ್ಕು. ನಮ್ಮದರಲ್ಲಿ ಕೀ ಕಡ್ಡಿ ಪೂರಾ ಕೆಂಪಗಾಗಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನ ಹಳೇ ರಿಪೇರಿ ಅಂಗಡಿಯಲ್ಲಿ ಓಡದ ಇನ್ನೊಂದು 0231 ಸಿಕ್ಕಿತು. ಮೊದಲು ಅದನ್ನೇ ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡೆ, ಆಮೇಲೆ ಅದರ ಕೀ ಕಡ್ಡಿಯನ್ನೇ ಇದಕ್ಕೆ ಹಾಕಿದೆ. ಬಿಚ್ಚುವ ಮೊದಲು, ಕೀ ಕೊಟ್ಟಾಗ ಸುತ್ತಿಕೊಳ್ಳುವ ಮೇನ್‌ಸ್ಪ್ರಿಂಗಿನ ಬಿಗಿ ಪೂರ್ತಿ ಇಳಿಸಬೇಕು. ಇಲ್ಲದಿದ್ದರೆ ಚಕ್ರಗಳು ಒಮ್ಮೆಲೇ ರೊಯ್ಯನೆ ತಿರುಗಿ ಹಲ್ಲು ಮುರಿಯಬಹುದು. ಭಾಗಗಳನ್ನು ಬಿಳಿ ಪೆಟ್ರೋಲಿನಲ್ಲಿ ತೊಳೆದೆ. ಚಕ್ರಗಳನ್ನು ತಡೆದು ತಡೆದು ಬಿಡುವ ಪ್ಯಾಲೆಟ್ ಅನ್ನುವ ಕವಲನ್ನು ಮಾತ್ರ ಸ್ಪಿರಿಟ್ಟಿನಲ್ಲಿ ನೆನೆಹಾಕಬಾರದು. ಅದರ ಕಲ್ಲುಗಳನ್ನು ಅರಗಿನಿಂದ ಅಂಟಿಸಿರುತ್ತಾರೆ, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಎಣ್ಣೆ ಸೂಜಿ ಮೊನೆಯಷ್ಟು ಸಾಕು. ನಿಧಾನ ತಿರುಗುವ ಚಕ್ರಕ್ಕೆ ದಪ್ಪ ಎಣ್ಣೆ, ವೇಗದ್ದಕ್ಕೆ ತೆಳು. ಪ್ಯಾಲೆಟ್ ಕವಲು ಕೂರುವ ಹರಳಿಗೆ ಎಣ್ಣೆಯೇ ಬೇಡ.

ಡಯಲ್ ಮೇಲೆ ತೇವಕ್ಕೆ ಕಂದು ಚುಕ್ಕೆಗಳು ಬಂದಿವೆ. "ಹೊಸ ಡಯಲ್ ಹಾಕಿಸು, ಫಳಫಳ ಅನ್ನುತ್ತೆ" ಅಂದರು ಅಂಗಡಿಯವರು. ನಾನು ಒಪ್ಪಲಿಲ್ಲ. ಹಾಗೆ ಹಾಕಿಸಿದರೆ ಮಾರುಕಟ್ಟೆಯ ಆ ರಾಶಿಗೆ ಇದೂ ಒಂದು, ಅಲ್ವಾ? ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಕ್ಷರವೇ ಎದ್ದು ಬರಬಹುದು. ಹಾಗಾಗಿ ಧೂಳು ಊದಿ ಬಿಟ್ಟೆ. ಕೇಸಿನ ಲೇಪ ಹೋಗಿ ಹಿತ್ತಾಳೆ ಕಾಣುವ ಕಡೆಯೂ ಕೈ ಹಾಕಲಿಲ್ಲ.

ಈ ಮಷೀನು ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ ಐದು ಸಲ ಬಡಿಯಬೇಕು. ಟಿಕ್ ಟಿಕ್ ಕೇಳಿಸಿಕೊಂಡು ಅಳೆಯುವ ಮೊಬೈಲ್ ಆ್ಯಪ್‌ಗಳಿವೆ. ಮೊದಲು ಹುಚ್ಚಾಪಟ್ಟೆ ಮುಂದೆ ಓಡುತ್ತಿತ್ತು. ವಾಚನ್ನು ದಿಕ್ಸೂಚಿ ಹತ್ತಿರ ಹಿಡಿದರೆ ದಿಕ್ಸೂಚಿಯ ಮುಳ್ಳು ನಡುಗಿತು: ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದಿದೆ. ಅಂಗಡಿಯಲ್ಲಿ ಅದನ್ನು ತೆಗೆಯುವ ಯಂತ್ರವಿತ್ತು, ಕ್ಷಣದ ಕೆಲಸ. ಈಗ ದಿನಕ್ಕೆ ಅರ್ಧ ನಿಮಿಷ ಹೆಚ್ಚುಕಮ್ಮಿ. ಈ ವಯಸ್ಸಿನ ವಾಚಿಗೆ ಅದು ಚೆನ್ನಾಗಿಯೇ ಇದೆ.

ಮಳೆಗಾಲದಲ್ಲಿ ಕಟ್ಟುವುದಿಲ್ಲ, ನೀರು ತಡೆಯುವ ವಾಚಲ್ಲ ಇದು. ಚರ್ಮದ ಪಟ್ಟಿಗೂ ಬೂಷ್ಟು ಬರುತ್ತದೆ, ಅದಕ್ಕೇ ನೈಲಾನ್ ಪಟ್ಟಿ ಹಾಕಿದ್ದೇನೆ. ಜೂನ್ ಬಂದರೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಹಾಕುತ್ತೇನೆ. ಆಗಾಗ ತೆಗೆದು ಕೀ ಕೊಟ್ಟು, ಒಂದು ದಿನ ಓಡಿಸಿ ಮತ್ತೆ ಇಡುತ್ತೇನೆ.