ಇನ್ನೂರು ರಿಂಗು, ಇನ್ನೂರು ಬಾಯಿ

ತಂತಿಯ ಸಣ್ಣ ರಿಂಗುಗಳನ್ನು ಹೆಣೆದು ನಾನು ಮಾಡಿದ ಮೊದಲ ಕೈಚೈನು ಅತ್ತಿಗೆಯ ಮೈಸೂರು ಸಿಲ್ಕ್ ಸೀರೆಯ ಎಳೆ ಕಿತ್ತಿತು. ಮದುವೆ ಮನೆಯಲ್ಲಿ ಸೆರಗು ಸರಿಮಾಡಿಕೊಳ್ಳುವಾಗ ಒಂದು ರಿಂಗಿನ ಬಾಯಿ, ಅಂದರೆ ಎರಡು ತುದಿ ಕೂಡುವ ಜಾಗ, ಸಿಕ್ಕಿಕೊಂಡಿತ್ತು. ಅವರು ಏನೂ ಅನ್ನಲಿಲ್ಲ. ನನಗೆ ಮಾತ್ರ ಊಟ ಸೇರಲಿಲ್ಲ. ರಾತ್ರಿ ಚೈನನ್ನು ದೀಪದ ಕೆಳಗೆ ಹಿಡಿದು ನೋಡಿದರೆ ಹತ್ತರಲ್ಲಿ ಮೂರು ರಿಂಗು ಸರಿಯಾಗಿ ಮುಚ್ಚಿಯೇ ಇರಲಿಲ್ಲ. ಕೂದಲೆಳೆಯಷ್ಟು ಸಂದು, ಅಷ್ಟೇ. ರೇಷ್ಮೆ ಎಳೆಗೆ ಅಷ್ಟು ಜಾಗ ಸಾಕು.

ಹಳೆಯ ಕಾಲದ ಸೈನಿಕರ ಉಂಗುರದ ಕವಚವನ್ನು ಮ್ಯೂಸಿಯಂಗಳಲ್ಲಿ ನೋಡಿರುತ್ತೀರಿ. ಒಂದು ರಿಂಗಿನೊಳಗೆ ನಾಲ್ಕು ರಿಂಗು ಹೋಗುವಂತೆ ಹೆಣೆದ ಕಬ್ಬಿಣದ ಬಟ್ಟೆ ಅದು. ನಾನು ಮಾಡುವ ಈ ರಿಂಗಿನ ಒಡವೆ, ಚೈನ್‌ಮೇಲ್ ಒಡವೆ, ಅದೇ ವಿದ್ಯೆಯ ಮೊಮ್ಮಗಳು. ಒಂದು ವ್ಯತ್ಯಾಸವಿದೆ. ಒಳ್ಳೆಯ ಕವಚಗಳಲ್ಲಿ ರಿಂಗಿನ ತುದಿಗಳನ್ನು ಚಪ್ಪಟೆ ಮಾಡಿ, ತೂತು ಹಾಕಿ, ರಿವೆಟ್ ಹೊಡೆದು ಮುಚ್ಚುತ್ತಿದ್ದರು. ನಾವು ರಿವೆಟ್ ಹೊಡೆಯುವುದಿಲ್ಲ, ಬೆಸುಗೆಯನ್ನೂ ಹಾಕುವುದಿಲ್ಲ. ಎರಡು ಇಕ್ಕಳದಲ್ಲಿ ತಿರುಗಿಸಿ ಮುಚ್ಚಿದ್ದೇ ಗಟ್ಟಿ. ಹಾಗಾಗಿ ಬಾಯಿ ಸರಿಯಾಗಿ ಕೂರದಿದ್ದರೆ ಒಡವೆ ನಿಲ್ಲುವುದಿಲ್ಲ.

ನಾನು ಕಲಿತದ್ದು ಬೈಜಾಂಟೈನ್ ಹೆಣಿಗೆ. ಹಗ್ಗದ ಹಾಗೆ ದುಂಡಗೆ, ಗಂಟು ಗಂಟಾಗಿ ಕಾಣುತ್ತದೆ. ತಾಮ್ರದಲ್ಲಿ ಶುರು ಮಾಡಿದೆ. ತಾಮ್ರ ಮೆದು, ಬೆಳ್ಳಿಯಷ್ಟು ದುಬಾರಿಯಲ್ಲ, ಕೆಟ್ಟರೆ ಗುಜರಿಗಾದರೂ ಆಗುತ್ತದೆ. ಮೋಟರ್ ವೈಂಡಿಂಗಿನ ತಂತಿ ಮಾತ್ರ ತರಬೇಡಿ. ಅದರ ಮೇಲೆ ವಾರ್ನಿಷ್ ಇರುತ್ತದೆ. ಬರೀ ತಾಮ್ರದ ತಂತಿ ಎಂದು ಕೇಳಿ ತನ್ನಿ.

ಮೊದಲ ಪೆಟ್ಟು ಬಿದ್ದದ್ದು ತಂತಿಯ ದಪ್ಪದಲ್ಲಿ. ಅಮೆರಿಕದವರು ಬರೆದ ವಿವರಣೆಯಲ್ಲಿ 18 ಗೇಜ್ ಎಂದಿತ್ತು. ಅಂಗಡಿಗೆ ಹೋಗಿ 18 ಗೇಜ್ ತಂದೆ. ನಾಲ್ಕು ಗಂಟೆ ಕೂತು ರಿಂಗು ಮಾಡಿದೆ. ಹೆಣೆಯಲು ಹೋದರೆ ಮೂರನೆಯ ಜೋಡಿ ರಿಂಗು ಮಡಚಿಕೊಳ್ಳಲೇ ಇಲ್ಲ, ಕಡ್ಡಿಯ ಹಾಗೆ ಸೆಟೆದು ನಿಂತಿತು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಒಂದು ವಾರ ಸುಮ್ನೆ ಒದ್ದಾಡಿದೆ. ಆಮೇಲೆ ಗೊತ್ತಾಯಿತು, ಅಮೆರಿಕದ 18 ಗೇಜ್ ಅಂದರೆ 1.02 ಮಿ.ಮೀ. ನಮ್ಮ ಅಂಗಡಿಯಲ್ಲಿ ಕೊಟ್ಟದ್ದು ಬ್ರಿಟಿಷ್ ಲೆಕ್ಕದ ಗೇಜ್. ಅದರಲ್ಲಿ 18 ಅಂದರೆ 1.22 ಮಿ.ಮೀ. ನನಗೆ ಬೇಕಿದ್ದದ್ದು ಇಲ್ಲಿನ 19. ಈಗ ಗೇಜ್ ಹೇಳುವುದನ್ನೇ ಬಿಟ್ಟಿದ್ದೇನೆ. "1 ಮಿ.ಮೀ. ಕೊಡಿ" ಅನ್ನುತ್ತೇನೆ, ಅಲ್ಲೇ ದಪ್ಪ ಅಳೆಯುವ ವರ್ನಿಯರ್ ಹಿಡಿದು ನೋಡುತ್ತೇನೆ.

0.2 ಮಿ.ಮೀ.ಗೆ ಇಷ್ಟು ರಂಪವೇ ಅನ್ನಿಸಬಹುದು. ಲೆಕ್ಕ ಹೀಗಿದೆ. ರಿಂಗಿನ ಒಳಗಿನ ಅಗಲವನ್ನು ತಂತಿಯ ದಪ್ಪದಿಂದ ಭಾಗಿಸಿ. ಬೈಜಾಂಟೈನ್‌ಗೆ ಉತ್ತರ 3.5ರ ಆಸುಪಾಸು ಬರಬೇಕು. 3ಕ್ಕಿಂತ ಕೆಳಗಿಳಿದರೆ ಒಳಗೆ ರಿಂಗು ತೂರಲು ಜಾಗವೇ ಇರುವುದಿಲ್ಲ. 4 ದಾಟಿದರೆ ಹೆಣಿಗೆ ಸಡಿಲವಾಗಿ ಗಂಟಿನ ಆಕಾರ ಕಳೆದುಕೊಳ್ಳುತ್ತದೆ. ಯಾವ ಹೆಣಿಗೆ ಹಿಡಿದರೂ ನಾನು ಮೊದಲು ಈ ಭಾಗಾಕಾರ ಮಾಡಿಯೇ ತಂತಿಗೆ ಕೈ ಹಾಕುವುದು.

ತಂತಿ ಸುತ್ತಲು ಅಮ್ಮನ ಸ್ವೆಟರ್ ಹೆಣೆಯುವ ಕಡ್ಡಿ ಸಿಕ್ಕಿತು. 10 ನಂಬರಿನದು, 3.25 ಮಿ.ಮೀ. ಒತ್ತೊತ್ತಾಗಿ ಸ್ಪ್ರಿಂಗಿನ ಹಾಗೆ ಸುತ್ತಿ ಬಿಟ್ಟರೆ ತಂತಿ ಸ್ವಲ್ಪ ಅರಳಿಕೊಳ್ಳುತ್ತದೆ. ಒಳಗಿನ ಅಗಲ ಹತ್ತಿರ ಹತ್ತಿರ 3.4 ಆಗುತ್ತದೆ. ನಮಗೆ ಬೇಕಾದದ್ದೇ ಅದು.

ಇನ್ನು ಕತ್ತರಿಸುವುದು. ಮೊದಲು ಕಟ್ಟರಿನಲ್ಲಿ ಒಂದೊಂದೇ ಕತ್ತರಿಸುತ್ತಿದ್ದೆ. ಕಟ್ಟರ್ ತಂತಿಯನ್ನು ಹಿಸುಕಿ ತುಂಡು ಮಾಡುತ್ತದೆ, ತುದಿ ಗುಡಿಸಲಿನ ಮಾಡಿನ ಹಾಗೆ ಚೂಪಾಗುತ್ತದೆ. ಎರಡು ಚೂಪು ತುದಿ ಎದುರುಬದುರು ಕೂತರೆ ಮೇಲೆ ಕೆಳಗೆ ಸಂದು ಉಳಿಯಲೇಬೇಕು. ಅತ್ತಿಗೆಯ ಸೀರೆಗೆ ಸಿಕ್ಕಿಕೊಂಡದ್ದು ಅಂಥದೇ ಒಂದು ಸಂದು. ಮೈಸೂರಿನ ಅಶೋಕ ರಸ್ತೆಯ ಹಿಂದೆ ಒಂದು ಗಲ್ಲಿಯಲ್ಲಿ ಕೆಲಸ ಮಾಡುವ ಅಕ್ಕಸಾಲಿಗರೊಬ್ಬರಿಗೆ ಆ ಚೈನು ತೋರಿಸಿ, "ಎಲ್ಲಿ ತಪ್ಪುತ್ತಿದೆ ಆಚಾರ್ರೇ?" ಎಂದು ಕೇಳಿದೆ. ಅವರು ಕನ್ನಡಕ ಏರಿಸಿ, ಉಗುರಿನ ತುದಿಯನ್ನು ಒಂದೊಂದೇ ರಿಂಗಿನ ಮೇಲೆ ಎಳೆದರು. "ಕತ್ತರಿಸಬೇಡಮ್ಮ, ಕೊಯ್ಯಿ" ಅಂದರು. ಅಷ್ಟೇ ಹೇಳಿದ್ದು.

ಆಮೇಲೆ ಗರಗಸಕ್ಕೆ ಬಂದೆ. ಅಕ್ಕಸಾಲಿಗರು ಬಳಸುವ ಸಣ್ಣ ಗರಗಸ, 2/0 ಅಳತೆಯ ತೆಳು ಬ್ಲೇಡ್, ಹಲ್ಲಿಗೆ ಜೇನುಮೇಣ ಸವರಬೇಕು. ಸುರುಳಿಗೆ ಟೇಪ್ ಸುತ್ತಿ, ಮರದ ತುಂಡಿನಲ್ಲಿ ಕೊರೆದ ತೋಡಿನೊಳಗೆ ಕೂರಿಸಿ, ಉದ್ದಕ್ಕೆ ಕೊಯ್ಯುತ್ತಾ ಹೋಗುತ್ತೇನೆ. ಮೊದಲ ದಿನ ಐದು ಬ್ಲೇಡ್ ಮುರಿದವು. ಒತ್ತಿ ಹಿಡಿದರೆ ಮುರಿಯುತ್ತದೆ, ಅದರಷ್ಟಕ್ಕೆ ಬಿಟ್ಟರೆ ಕೊಯ್ಯುತ್ತದೆ. ಹೀಗೆ ಕೊಯ್ದ ರಿಂಗಿನ ತುದಿಗಳು ಚಪ್ಪಟೆ. ಮುಚ್ಚಿದಾಗ ಎರಡೂ ಪೂರ್ತಿ ಕೂಡಿಕೊಳ್ಳುತ್ತವೆ.

ಮುಚ್ಚುವುದಕ್ಕೂ ಒಂದು ಕೈ ಇದೆ. ರಿಂಗನ್ನು ಯಾವತ್ತೂ ಅಗಲಕ್ಕೆ ಎಳೆದು ತೆರೆಯಬಾರದು, ದುಂಡಗಿನ ಆಕಾರ ಹೋದರೆ ಮತ್ತೆ ಬರುವುದಿಲ್ಲ. ಹಲ್ಲಿಲ್ಲದ ನುಣುಪು ಮೂತಿಯ ಇಕ್ಕಳ ಎರಡು ಬೇಕು. ಎಡಗೈಯದನ್ನು ಅಲುಗಿಸಬೇಡಿ. ಬಲಗೈಯದನ್ನು ನಿಮ್ಮ ಕಡೆಗೆ ತಿರುಗಿಸಿದರೆ ಬಾಯಿ ತೆರೆಯುತ್ತದೆ. ಮುಚ್ಚುವಾಗ ಎರಡು ತುದಿಯನ್ನೂ ಒಳಕ್ಕೆ ಸ್ವಲ್ಪ ಒತ್ತುತ್ತಾ, ಬೇಕಾದ ಜಾಗ ದಾಟಿಸಿ ಆಚೆಗೊಮ್ಮೆ ಈಚೆಗೊಮ್ಮೆ ಆಡಿಸಬೇಕು. ತುದಿಗೆ ತುದಿ ಉಜ್ಜುವ ಸಣ್ಣ ಕರಕರ ಬೆರಳಿಗೆ ಸಿಗುತ್ತದೆ. ಆಮೇಲೆ ಟಕ್ ಎಂದು ಒಂದು ಕಡೆ ನಿಲ್ಲುತ್ತದೆ. ಆ ಟಕ್ ನನಗೆ ತುಂಬ ಇಷ್ಟ. ಹೀಗೆ ಆಡಿಸಿದಾಗ ತಾಮ್ರ ಅಲ್ಲೇ ಸ್ವಲ್ಪ ಗಡುಸಾಗುತ್ತದೆ, ಬಾಯಿ ಮತ್ತೆ ಸುಲಭಕ್ಕೆ ಬಿಡುವುದಿಲ್ಲ.

ಹೆಣಿಗೆ ಇದರ ಮುಂದೆ ಸುಲಭ. ಎರಡೆರಡು ರಿಂಗಿನ ಮೂರು ಜೋಡಿಯನ್ನು ಒಂದಕ್ಕೊಂದು ಸೇರಿಸಿ. ಕೊನೆಯ ಜೋಡಿಯ ಒಂದು ರಿಂಗನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ, ಹಿಂದಕ್ಕೆ ಮಡಚಿ ಹಿಡಿಯಿರಿ. ನಡುವಿನ ಜೋಡಿಯನ್ನು ಬಿಡಿಸಿ ನೋಡಿದರೆ ಮಡಚಿದ ಎರಡು ರಿಂಗಿನ ತಲೆ ಒಳಗೆ ಕಾಣುತ್ತದೆ. ಹೊಸ ಜೋಡಿ ಆ ಎರಡರೊಳಗಿಂದ ಹಾಯಬೇಕು. ಹಾಯಿಸಿ ಮುಚ್ಚಿದ ಮೇಲೆ ಮತ್ತೆರಡು ಜೋಡಿ ಸೇರಿಸಿ, ಮತ್ತೆ ಮಡಚಿ. ಹಿಡಿದ ಕೈ ಬಿಟ್ಟರೆ ಎಲ್ಲ ಕಲಸಿಹೋಗುತ್ತದೆ, ಅದಕ್ಕೇ ಮೊದಲ ಜೋಡಿಗೆ ಒಂದು ದಾರ ಕಟ್ಟಿಕೊಂಡಿರಿ.

18 ಸೆಂ.ಮೀ. ಕೈಚೈನಿಗೆ ನನಗೆ ಸುಮಾರು 200 ರಿಂಗು ಹಿಡಿಯುತ್ತದೆ. ತೂಕ 20 ಗ್ರಾಂ ಆಸುಪಾಸು. ತಂತಿ ಮೂರು ಮೀಟರಿಗೆ ಸ್ವಲ್ಪ ಕಡಿಮೆ ಸಾಕು, ಆದರೆ ಗರಗಸ ತಿನ್ನುವುದಕ್ಕೆ, ಹಾಳಾಗುವುದಕ್ಕೆ ಎಂದು ಮೂರೂವರೆ ಮೀಟರ್ ಇಟ್ಟುಕೊಳ್ಳುತ್ತೇನೆ. ಒಂದೇ ದಿನ ಮುಗಿಸಲು ಹೋಗಬೇಡಿ. ದಿನಕ್ಕೆ ಐವತ್ತು ರಿಂಗು ದಾಟಿದರೆ ನನ್ನ ಹೆಬ್ಬೆರಳಿನ ಬುಡ ನೋಯುತ್ತದೆ, ಆಗ ಮುಚ್ಚಿದ ಬಾಯಿಗಳು ಅಷ್ಟಕ್ಕಷ್ಟೆ.

ಮುಗಿದ ಮೇಲೆ ಒಂದು ಪರೀಕ್ಷೆ. ಹಳೆಯ ನೈಲಾನ್ ದುಪಟ್ಟಾದ ಮೇಲೆ ಚೈನನ್ನು ಎಳೆಯುತ್ತೇನೆ, ನಾಲ್ಕೂ ಬದಿ ತಿರುಗಿಸಿ. ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿಗೆ ಇಕ್ಕಳ. ಆಮೇಲೆ ಅಂಟುವಾಳದ ನೀರಿನಲ್ಲಿ ಮೆತ್ತನೆಯ ಬ್ರಷ್ ಹಿಡಿದು ತೊಳೆಯುತ್ತೇನೆ. ತಾಮ್ರ ಕಪ್ಪಾದರೆ ಹುಣಸೆಹಣ್ಣು, ಉಪ್ಪು ಇದ್ದೇ ಇದೆ. ಚೆನ್ನಾಗಿ ತೊಳೆದು ಒರೆಸಿ, ಹುಳಿ ಒಳಗೆ ಉಳಿದರೆ ಹಸಿರು ಕಟ್ಟುತ್ತದೆ.

ಈಗ ಬೆಳ್ಳಿಯಲ್ಲಿ ಮೊದಲ ಚೈನು ಶುರುವಾಗಿದೆ, ಅತ್ತಿಗೆಗೆ. ನಿನ್ನೆಗೆ 64 ರಿಂಗು ಮುಚ್ಚಿದೆ. ದುಪಟ್ಟಾ ಹಾಕಿ ಎಳೆದಾಗ ಎರಡು ಸಿಕ್ಕಿಕೊಂಡವು. ಬಿಚ್ಚಿ ಮತ್ತೆ ಮುಚ್ಚಿದೆ.