ವಿಸ್ಕಾನ್ಸಿನ್ ಸಪ್ಪರ್ ಕ್ಲಬ್‌ಗೆ ಹೋಗೋದಾದರೆ ಸಂಜೆ ಪೂರ್ತಿ ಇಟ್ಟುಕೊಂಡು ಹೋಗಿ

ಷಿಕಾಗೋ ಕಡೆಯ ನಮ್ಮವರು ಬೇಸಿಗೆ ಬಂತೆಂದರೆ ಮಕ್ಕಳನ್ನು ಕರೆದುಕೊಂಡು ಪಕ್ಕದ ವಿಸ್ಕಾನ್ಸಿನ್ ರಾಜ್ಯದ ಡೆಲ್ಸ್ ಅನ್ನುವ ಊರಿನ ವಾಟರ್ ಪಾರ್ಕ್‌ಗಳಿಗೆ ಹೋಗುತ್ತಾರೆ. ದಿನವೆಲ್ಲ ನೀರಾಟ, ರಾತ್ರಿ ಹೈವೇ ಪಕ್ಕದ ಯಾವುದೋ ಚೈನ್ ಹೋಟೆಲಿನ ಪಿಜ್ಜಾ. ಹತ್ತಿರದಲ್ಲೇ ಮಿರರ್ ಲೇಕ್ ದಡದಲ್ಲಿ ಇಶ್ನಾಲಾ ಇದೆ. 1953ರಿಂದ ನಡೆಯುತ್ತಿರುವ ಸಪ್ಪರ್ ಕ್ಲಬ್ ಅದು, ಕಟ್ಟಡದ ಛಾವಣಿಯನ್ನೇ ತೂರಿಕೊಂಡು ಪೈನ್ ಮರಗಳು ಮೇಲೆದ್ದಿವೆ. ಆದರೂ ನಮ್ಮವರು ಆ ಕಡೆ ಹೋಗುವುದು ಕಡಿಮೆ. ಕ್ಲಬ್ ಅಂದಕೂಡಲೇ ಮೆಂಬರ್‌ಶಿಪ್ ಬೇಕೇನೋ, ಕೋಟು ಹಾಕಬೇಕೇನೋ, ಬರೀ ದನದ ಮಾಂಸ ಇರುತ್ತೇನೋ ಅನ್ನುವ ಅಂಜಿಕೆ. ಮೆಂಬರ್‌ಶಿಪ್ ಬೇಡ, ಕೋಟೂ ಬೇಡ. ಮೂರನೆಯದಕ್ಕೆ ಆಮೇಲೆ ಬರುತ್ತೇನೆ.

ಸಪ್ಪರ್ ಕ್ಲಬ್ ಅಂದರೆ ಹೆಚ್ಚಾಗಿ ಒಂದೇ ಮನೆತನ ನಡೆಸುವ, ರಾತ್ರಿ ಊಟ ಮಾತ್ರ ಹಾಕುವ ಜಾಗಗಳು. ಮರದ ಗೋಡೆ, ಮಂದ ದೀಪ, ಹಳೇ ಕಾರ್ಪೆಟ್, ಒಳಗೆ ಕಾಲಿಟ್ಟರೆ ಮೊದಲು ಬಾರ್. ಎಷ್ಟೋ ಕ್ಲಬ್‌ಗಳು ಊರೊಳಗಿಲ್ಲ, ಕೆರೆ ದಡದಲ್ಲೋ ಹೊಲಗಳ ನಡುವಿನ ಕೌಂಟಿ ರಸ್ತೆಯಲ್ಲೋ ಇರುತ್ತವೆ. ಅದಕ್ಕೂ ಕಾರಣವಿದೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಮದ್ಯ ನಿಷೇಧ ಇತ್ತಲ್ಲ, ಆಗ ಊರಾಚೆಯ ರೋಡ್‌ಹೌಸ್‌ಗಳಲ್ಲಿ, ಅಂದರೆ ರಸ್ತೆ ಬದಿಯ ಹೋಟೆಲುಗಳಲ್ಲಿ, ಕದ್ದು ಕುಡಿಯೋದು ಸುಲಭವಾಗಿತ್ತು. ನಿಷೇಧ ಹೋದಮೇಲೆ ಅಂಥವುಗಳಲ್ಲಿ ಕೆಲವು ಒಳ್ಳೇ ಊಟ ಸೇರಿಸಿಕೊಂಡು ಮನೆಮಂದಿಯೆಲ್ಲ ಬರುವ ಜಾಗಗಳಾದವು.

ಮೊದಲು ದಿನ ಆರಿಸಿಕೊಳ್ಳಿ, ಯಾಕೆಂದರೆ ಅಡುಗೆ ದಿನದ ಮೇಲೆ ನಿಂತಿದೆ. ಶುಕ್ರವಾರ ಫಿಶ್ ಫ್ರೈ, ಶನಿವಾರ ಪ್ರೈಮ್ ರಿಬ್ ಅನ್ನುವ ದನದ ಮಾಂಸ, ಭಾನುವಾರ ಸಾಮಾನ್ಯವಾಗಿ ಕೋಳಿ. ಇಲ್ಲಿ ನೆಲೆಸಿದ ಜರ್ಮನ್, ಪೋಲಿಷ್ ಕ್ಯಾಥೊಲಿಕರು ಶುಕ್ರವಾರ ಮಾಂಸ ತಿನ್ನುತ್ತಿರಲಿಲ್ಲ, ಮೀನು ಬಂದದ್ದು ಹಾಗೆ. ಮೊದಲ ಸಲಕ್ಕೆ ನನ್ನ ಮತ ಶುಕ್ರವಾರಕ್ಕೆ. ಕಾಡ್, ಪರ್ಚ್ ಅಥವಾ ವಾಲೈ ಮೀನನ್ನು ಬಿಯರ್ ಹಿಟ್ಟಿನಲ್ಲಿ ಅದ್ದಿ ಕರಿದು ಕೊಡುತ್ತಾರೆ. ಜೊತೆಗೆ ರೈ ಬ್ರೆಡ್, ಕೋಲ್‌ಸ್ಲಾ, ಆಲೂಗಡ್ಡೆ ಪ್ಯಾನ್‌ಕೇಕ್, ಅದಕ್ಕೆ ನಂಚಿಕೊಳ್ಳಲು ಸೇಬಿನ ಸಾಸ್. ಸೋಮವಾರ ಹಲವು ಕ್ಲಬ್‌ಗಳು ಮುಚ್ಚಿರುತ್ತವೆ, ಇಶ್ನಾಲಾದಂಥವು ಚಳಿಗಾಲ ಪೂರ್ತಿ ಬಾಗಿಲು ಹಾಕಿರುತ್ತವೆ, ಆದ್ದರಿಂದ ಹೊರಡುವ ಮುಂಚೆ ಒಂದು ಫೋನ್ ಮಾಡಿ. ರಿಸರ್ವೇಶನ್ ತಗೊಳ್ಳುತ್ತಾರಾ, ಕಾರ್ಡ್ ನಡೆಯುತ್ತಾ ಅನ್ನೋದನ್ನೂ ಆಗಲೇ ಕೇಳಿಬಿಡಿ.

ಇನ್ನು ಹೊತ್ತಿನ ವಿಷಯ. ನಮ್ಮವರು ಎಡವೋದು ಇಲ್ಲೇ. ಎಂಟು ಗಂಟೆಗೆ ಊಟ ಅಂದುಕೊಂಡು ಏಳೂವರೆಗೆ ಹೋದರೆ ಬಾಗಿಲಲ್ಲೇ ಜನ ನಿಂತಿರುತ್ತಾರೆ. ಸಂಜೆ ನಾಲ್ಕು, ನಾಲ್ಕೂವರೆಗೆಲ್ಲ ಬಾಗಿಲು ತೆಗೆಯುತ್ತಾರೆ, ನೀವು ಐದಕ್ಕೆ ಅಲ್ಲಿರಿ. ತೀರಾ ಹೊಟ್ಟೆ ಹಸಿದುಕೊಂಡು ಹೋಗಬೇಡಿ, ಹೋಟೆಲಲ್ಲೇ ಮಕ್ಕಳಿಗೆ ಒಂದಿಷ್ಟು ತಿನ್ನಿಸಿಕೊಂಡು ಹೊರಡಿ. ಯಾಕೆಂದರೆ ಟೇಬಲ್ ಕಾಯ್ದಿರಿಸಿದ್ದರೂ ಮೊದಲು ಕೂರಬೇಕಾದ್ದು ಬಾರಿನಲ್ಲಿ. ಅಲ್ಲಿ ಕಳೆಯುವ ಒಂದು ಗಂಟೆಯೇ ಅರ್ಧ ಸಂಜೆ. ಹೆಸರು ಬರೆಸಿ, ಸ್ಟೂಲ್ ಹಿಡಿದು ಕೂತರೆ ಪಕ್ಕದವರು ತಾವಾಗಿಯೇ ಮಾತಿಗೆ ಇಳಿಯುತ್ತಾರೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದಾ ಅಂತ ಹಿಂಜರಿಯಬೇಡಿ, ಅಪ್ಪ ಅಮ್ಮ ಜೊತೆಗಿದ್ದರೆ ವಿಸ್ಕಾನ್ಸಿನ್‌ನಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇಲ್ಲ. ಕಿಡ್ಡೀ ಕಾಕ್‌ಟೇಲ್ ಅಂದರೆ ಸೆವೆನ್ ಅಪ್‌ಗೆ ಗ್ರೆನಡೀನ್ ಸಿರಪ್ ಹಾಕಿ ಮೇಲೊಂದು ಚೆರ್ರಿ ಇಟ್ಟು ಕೊಡುತ್ತಾರೆ. ಕುಡಿಯದ ದೊಡ್ಡವರೂ ಧೈರ್ಯವಾಗಿ ಅದನ್ನೇ ಕೇಳಬಹುದು.

ಕುಡಿಯುವವರಾದರೆ ಬ್ರಾಂಡಿ ಓಲ್ಡ್ ಫ್ಯಾಶನ್ಡ್. ಬೇರೆ ಕಡೆ ಇದನ್ನು ವಿಸ್ಕಿಯಲ್ಲಿ ಮಾಡುತ್ತಾರೆ, ಇಲ್ಲಿ ಮಾತ್ರ ಬ್ರಾಂಡಿ. ಲೋಟದಲ್ಲಿ ಸಕ್ಕರೆ, ಬಿಟರ್ಸ್ ಅನ್ನುವ ಕಹಿ ದ್ರವ, ಕಿತ್ತಳೆ ಹೋಳು, ಚೆರ್ರಿ ಹಾಕಿ ಅರೆದು, ಐಸು, ಬ್ರಾಂಡಿ, ಮೇಲಿಂದ ಸೋಡಾ. ಯಾವ ಸೋಡಾ ಅನ್ನೋದನ್ನು ನೀವು ಹೇಳಬೇಕು. ಸ್ವೀಟ್ ಅಂದರೆ ಸೆವೆನ್ ಅಪ್ ಥರದ್ದು. ಸವರ್ ಅಂದರೆ ಸ್ಕ್ವರ್ಟ್‌ನಂಥ ಹುಳಿ ಸೋಡಾ. ಪ್ರೆಸ್ ಅಂದರೆ ಅರ್ಧ ಸೆವೆನ್ ಅಪ್, ಅರ್ಧ ಬರೀ ಸೋಡಾ. ಸ್ವೀಟ್ ನಿಜಕ್ಕೂ ಸಿಹಿ, ಎರಡು ಗುಟುಕಿಗೇ ಸಾಕೆನಿಸಬಹುದು, ಪ್ರೆಸ್‌ನಿಂದ ಶುರು ಮಾಡಿ. ಕಾಕ್‌ಟೇಲ್ ಪಂಡಿತರು ಇದನ್ನು ಕಂಡು ಮೂಗು ಮುರಿಯುತ್ತಾರೆ, ಮುರಿಯಲಿ ಬಿಡಿ.

ಹಳೇ ಪದ್ಧತಿ ಉಳಿಸಿಕೊಂಡ ಕ್ಲಬ್‌ಗಳಲ್ಲಿ ಮೆನು ಕೂಡ ಬಾರಿಗೇ ಬರುತ್ತದೆ. ಅಲ್ಲೇ ಕೂತು ಊಟಕ್ಕೆ ಹೇಳಿದರೆ, ಸಲಾಡ್ ಟೇಬಲ್ಲಿಗೆ ಬಂದಮೇಲೆ ನಿಮ್ಮನ್ನು ಕರೆಯುತ್ತಾರೆ. ಮರೆತುಬಿಟ್ಟರು ಅಂತ ಪದೇಪದೇ ಎದ್ದು ಹೋಗಿ ಕೇಳಬೇಡಿ, ಅವರು ಮರೆತಿರುವುದಿಲ್ಲ.

ಟೇಬಲ್ಲಿನಲ್ಲಿ ಮೊದಲು ಕಾಣಿಸುವುದು ರೆಲಿಶ್ ಟ್ರೇ: ಕ್ಯಾರೆಟ್, ಸೆಲರಿ, ಮೂಲಂಗಿ, ಉಪ್ಪಿನಲ್ಲಿ ಹಾಕಿದ ಸೌತೆಕಾಯಿ, ಆಲಿವ್, ಚೀಸ್ ಸ್ಪ್ರೆಡ್, ಕ್ರ್ಯಾಕರ್. ಎಲೆಯ ತುದಿಗೆ ಮೊದಲೇ ಬಡಿಸಿಟ್ಟ ಕೋಸಂಬರಿ ಇದ್ದಂತೆ, ಊಟ ಬರೋವರೆಗೆ ಕೈಬಾಯಿಗೆ ಕೆಲಸ. ಮಾಂಸ, ಮೀನಿನ ಬೆಲೆಯಲ್ಲೇ ಸಾಮಾನ್ಯವಾಗಿ ಸೂಪ್ ಅಥವಾ ಸಲಾಡ್, ಬ್ರೆಡ್, ಆಲೂಗಡ್ಡೆ ಎಲ್ಲ ಸೇರಿರುತ್ತದೆ. ಸೌತೆಕಾಯಿ ಹೋಳಿಗೂ ಬೇರೆ ಬಿಲ್ ಹಾಕುವ ಈ ಕಾಲದಲ್ಲಿ ಜನ ಇಲ್ಲಿಗೆ ಮತ್ತೆ ಮತ್ತೆ ಬರುವುದಕ್ಕೆ ಇದೂ ಒಂದು ಕಾರಣ. ಖರ್ಚು ಉಳಿಸಲು ರೆಲಿಶ್ ಟ್ರೇ ನಿಲ್ಲಿಸಿದ ಕ್ಲಬ್‌ಗಳೂ ಇವೆ, ನನಗೆ ಅವುಗಳ ಮೇಲೆ ಅಷ್ಟು ಪ್ರೀತಿ ಇಲ್ಲ.

ಈಗ ಸಸ್ಯಾಹಾರಿಗಳ ವಿಷಯ. ಸುಮ್ನೆ ಆಸೆ ಹುಟ್ಟಿಸೋದಿಲ್ಲ, ಆಯ್ಕೆ ಕಡಿಮೆ. ಆದರೆ ಹೊಟ್ಟೆ ತುಂಬುತ್ತದೆ. ರೆಲಿಶ್ ಟ್ರೇ, ಚೀಸ್ ಕರ್ಡ್ಸ್ ಅನ್ನುವ ಕರಿದ ಚೀಸ್ ತುಂಡುಗಳು, ಈರುಳ್ಳಿ ಚೀಸ್ ಹಾಕಿ ಹುರಿದ ಆಲೂಗಡ್ಡೆ ತುರಿಯ ಹ್ಯಾಶ್ ಬ್ರೌನ್ಸ್, ಸುಟ್ಟ ಆಲೂಗಡ್ಡೆಗೆ ಬೆಣ್ಣೆ, ಸವರ್ ಕ್ರೀಮ್. ಸೂಪ್ ವಿಷಯದಲ್ಲಿ ಮಾತ್ರ ಹುಷಾರು: ಫ್ರೆಂಚ್ ಆನಿಯನ್ ಸೂಪ್‌ನಲ್ಲಿ ಈರುಳ್ಳಿ ಕಂಡರೂ ನೀರು ಬಹುತೇಕ ದನದ ಮೂಳೆಯದ್ದು. ಸಲಾಡ್ ಮೇಲೆ, ಬೀನ್ಸ್ ಒಳಗೆ ಬೇಕನ್, ಅಂದರೆ ಹಂದಿ ಮಾಂಸದ, ಚೂರು ಸೇರಿರಬಹುದು. ಶುಕ್ರವಾರ ಚೀಸ್ ಕರ್ಡ್ಸ್ ಮೀನು ಕರಿದ ಎಣ್ಣೆಯಲ್ಲೇ ಬೇಯಬಹುದು, ತೊಂದರೆ ಅನಿಸುವವರು ಕೇಳಿಯೇ ತಗೊಳ್ಳಿ. ದನ ತಿನ್ನದ ಮಾಂಸಾಹಾರಿಗಳಿಗೆ ಚಿಂತೆಯೇ ಇಲ್ಲ, ಪ್ರೈಮ್ ರಿಬ್ ಬಿಟ್ಟು ವಾಲೈ ಅಥವಾ ಕೋಳಿ ಕಡೆ ತಿರುಗಿ. ಖಾರ ಮಾತ್ರ ಎಲ್ಲೂ ಸಿಗುವುದಿಲ್ಲ. ಚಟ್ನಿಪುಡಿ ಡಬ್ಬಿ ಬ್ಯಾಗಲ್ಲಿದ್ದರೆ ಟೇಬಲ್ ಕೆಳಗೇ ಇರಲಿ.

ಊಟ ಅದ್ಭುತವಾ? ಮೀನು, ಆಲೂಗಡ್ಡೆ ಚೆನ್ನಾಗಿರುತ್ತದೆ, ಸಲಾಡ್ ಬರೀ ಐಸ್‌ಬರ್ಗ್ ಎಲೆ. ರುಚಿಯೊಂದಕ್ಕೇ ಆಗಿದ್ದರೆ ಇಷ್ಟು ವರ್ಷ ಜನ ಬರುತ್ತಿರಲಿಲ್ಲ. ಎದ್ದೇಳಿ ಅಂತ ಯಾರೂ ಬಿಲ್ ತಂದು ಇಡುವುದಿಲ್ಲ, ಮಾಲೀಕರು ತಾವೇ ಟೇಬಲ್ಲಿಗೆ ಬಂದು ಮಾತಾಡಿಸುತ್ತಾರೆ. ಅದು ಚೈನ್ ಹೋಟೆಲಿನಲ್ಲಿ ಎಲ್ಲಿ ಸಿಗಬೇಕು?

ಕೊನೆಗೆ ಸಿಹಿ ಬೇಕಾದರೆ ಕೇಕ್ ಬಿಟ್ಟು ಐಸ್ ಕ್ರೀಮ್ ಡ್ರಿಂಕ್ ಹೇಳಿ. ಗ್ರಾಸ್‌ಹಾಪರ್ ಪುದೀನ ಮತ್ತು ಚಾಕೊಲೇಟ್ ರುಚಿಯದ್ದು, ಹಸಿರು ಬಣ್ಣ. ಇನ್ನೊಂದು ಪಿಂಕ್ ಸ್ಕ್ವಿರಲ್, ಅದು ಹುಟ್ಟಿದ್ದು ಮಿಲ್ವಾಕಿಯ ಬ್ರಯಂಟ್ಸ್ ಬಾರಿನಲ್ಲಿ ಅನ್ನುತ್ತಾರೆ. ನೋಡಲು ಮಿಲ್ಕ್‌ಶೇಕ್, ಆದರೆ ಒಳಗೆ ಮದ್ಯ ಇರುತ್ತದೆ, ಮಕ್ಕಳ ಕೈಗೆ ಕೊಡಬೇಡಿ.

ಡೆಲ್ಸ್ ಕಡೆ ಹೋದರೆ ಇಶ್ನಾಲಾ ಅಲ್ಲದೆ 1943ರ ಡೆಲ್-ಬಾರ್ ಕೂಡ ಇದೆ, ಅದರ ಕಟ್ಟಡ ಫ್ರಾಂಕ್ ಲಾಯ್ಡ್ ರೈಟ್ ಬಳಿ ಕಲಿತ ಜೇಮ್ಸ್ ಡ್ರೆಸರ್ ವಿನ್ಯಾಸ.  ಟಿಪ್ ನೂರಕ್ಕೆ ಇಪ್ಪತ್ತು ಲೆಕ್ಕ ಇಟ್ಟುಕೊಳ್ಳಿ. ಬಾರ್ ಬಿಲ್ ಬೇರೆ ಬರುತ್ತಾ, ಊಟದ ಬಿಲ್ಲಿಗೇ ಸೇರುತ್ತಾ ಅಂತ ಟೇಬಲ್ಲಿಗೆ ಹೋಗುವ ಮುಂಚೆ ಬಾರ್‌ಟೆಂಡರ್‌ನನ್ನೇ ಕೇಳಿ. ಕಾರು ಓಡಿಸುವವರು ಯಾರು ಅನ್ನೋದನ್ನು ಮೊದಲ ಗ್ಲಾಸಿಗೆ ಮುಂಚೆಯೇ ತೀರ್ಮಾನಿಸಿ, ಯಾಕೆಂದರೆ ಈ ಕೌಂಟಿ ರಸ್ತೆಗಳಲ್ಲಿ ದೀಪ ಇರುವುದಿಲ್ಲ, ಅಕ್ಟೋಬರ್ ನವೆಂಬರ್‌ನಲ್ಲಿ ಜಿಂಕೆಗಳು ಜಾಸ್ತಿ ಅಡ್ಡ ಬರುತ್ತವೆ.